ಹದಿನೇಳೂವರೆ ಕೋಟಿಯ ಆಟಗಾರ: ದುಬಾರಿಯೋ, ಅಗ್ಗವೋ?

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಿಂದ ಆಂಧ್ರದ ಹಿಂದೂಪುರ ಹೆಚ್ಚು ದೂರವೇನಲ್ಲ. ಬೀದಿಯಲ್ಲಿ ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುತ್ತವೆ. ಐಪಿಎಲ್ ಕ್ರಿಕೆಟ್ ಶುರುವಾಯಿತೆಂದರೆ ಟೀ ಅಂಗಡಿಯ ಮುಂದಿನ ಮಾತೂ ಎರಡು ಪಾಲಾಗುತ್ತದೆ. ಒಂದು ಪಾಲು ಬೆಂಗಳೂರು ತಂಡಕ್ಕೆ, ಇನ್ನೊಂದು ಹೈದರಾಬಾದಿಗೆ.

‘ಹದಿನೇಳೂವರೆ ಕೋಟಿ ಸುರಿದು ಒಬ್ಬನ್ನ ತಂದ್ರಲ್ಲಣ್ಣಾ, ಆ ದುಡ್ಡಲ್ಲಿ ಇಬ್ಬರು ಬೌಲರ್ ಬರ್ತಿರಲಿಲ್ವಾ?’

‘ಒಳ್ಳೇ ಆಟಗಾರ ಅಗ್ಗಕ್ಕೆ ಎಲ್ಲಿ ಸಿಗ್ತಾನೋ?’

ಈ ಜಗಳಕ್ಕೆ ಕಾರಣ ಆಸ್ಟ್ರೇಲಿಯಾದ ಕ್ಯಾಮರೂನ್ ಗ್ರೀನ್. 2023ರ ನವೆಂಬರ್‌ನಲ್ಲಿ ಬೆಂಗಳೂರು ತಂಡ ಈತನನ್ನು ಮುಂಬೈ ತಂಡದಿಂದ ಪಡೆಯಿತು. ಹರಾಜಿನಲ್ಲಿ ಕೂಗಿ ಕೊಂಡದ್ದಲ್ಲ. ಆಟಗಾರನಿಗೆ ಬದಲಾಗಿ ಆಟಗಾರನನ್ನು ಕೊಟ್ಟದ್ದೂ ಅಲ್ಲ. ಪೂರ್ತಿ ಹಣದ ವ್ಯವಹಾರ, 17.5 ಕೋಟಿ ರೂಪಾಯಿ.

ಆ ಹಣ ದೊಡ್ಡದೋ ಚಿಕ್ಕದೋ ಎಂಬುದನ್ನು ಹಣ ನೋಡಿ ಹೇಳಲಾಗದು. ಚೀಲ ನೋಡಿ ಹೇಳಬೇಕು. 2024ರ ಋತುವಿಗೆ ಪ್ರತಿ ತಂಡವೂ ಆಟಗಾರರ ಮೇಲೆ ಖರ್ಚು ಮಾಡಬಹುದಾಗಿದ್ದುದು 100 ಕೋಟಿ. ತಂಡದಲ್ಲಿ ಹೆಚ್ಚೆಂದರೆ 25 ಮಂದಿ. ಸಮನಾಗಿ ಹಂಚಿದರೆ ತಲೆಗೆ 4 ಕೋಟಿ. ಒಬ್ಬನಿಗೇ 17.5 ಕೋಟಿ ಕೊಟ್ಟರೆ ಉಳಿದ 24 ಮಂದಿಗೆ ಸಿಗುವುದು ಸರಾಸರಿ ಸುಮಾರು 3 ಕೋಟಿ 44 ಲಕ್ಷ. ಅಂದರೆ ತಾರೆಯ ನಿಜವಾದ ಬೆಲೆ ಅವನ ಹೆಸರಿನ ಮುಂದೆ ಬರೆದ ಅಂಕಿಯಲ್ಲ. ಅವನನ್ನು ಕೊಂಡ ಮೇಲೆ ಯಾರನ್ನು ಕೊಳ್ಳಲಾಗಲಿಲ್ಲವೋ, ಯಾರನ್ನು ಕಳುಹಿಸಿಕೊಡಬೇಕಾಯಿತೋ, ಅದೇ ಅವನ ಬೆಲೆ.

ಆಗ ಬೆಂಗಳೂರು ಕೈಬಿಟ್ಟವರಲ್ಲಿ ಯಾರಿದ್ದರು? ಹಸರಂಗ, ಹರ್ಷಲ್ ಪಟೇಲ್, ಹೇಜಲ್‌ವುಡ್. ಮೂವರೂ ಬೌಲರ್‌ಗಳೇ. ಹರ್ಷಲ್ 11.75 ಕೋಟಿಗೆ ಪಂಜಾಬ್ ಸೇರಿ 24 ವಿಕೆಟ್ ಕಿತ್ತರು. ಆ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು. ಇತ್ತ 2024ರ ಏಪ್ರಿಲ್ 15ರಂದು ಬೆಂಗಳೂರಿನಲ್ಲೇ ಹೈದರಾಬಾದ್ ತಂಡ ಮೂರು ವಿಕೆಟ್‌ಗೆ 287 ರನ್ ಬಾರಿಸಿ ದಾಖಲೆ ಬರೆಯಿತು. ಗಡಿಯ ಊರುಗಳಲ್ಲಿ ಹೈದರಾಬಾದ್ ಪಕ್ಷದವರಿಗೆ ಆ ಅಂಕಿ ಇಂದಿಗೂ ಬಾಯಿಪಾಠ.

ಹಾಗಾದರೆ ಬೆಂಗಳೂರು ಮೋಸಹೋಯಿತೇ? ಅಷ್ಟು ಸುಲಭವಾಗಿ ತೀರ್ಪು ಕೊಡುವಂತಿಲ್ಲ. ಒಂದು ನಿರ್ಧಾರವನ್ನು ಅದನ್ನು ಮಾಡಿದ ದಿನ ಗೊತ್ತಿದ್ದ ಸಂಗತಿಗಳಿಂದ ಅಳೆಯಬೇಕು. 2023ರಲ್ಲಿ ಗ್ರೀನ್ ಮುಂಬೈ ಪರ ಒಂದು ಶತಕವೂ ಸೇರಿ 452 ರನ್ ಗಳಿಸಿದ್ದರು. ಬೆಂಗಳೂರಿನಲ್ಲಿ 13 ಪಂದ್ಯಗಳಿಂದ 255 ರನ್, 10 ವಿಕೆಟ್. ಕಳಪೆಯಲ್ಲ, ತಾರೆಯ ಆಟವೂ ಅಲ್ಲ. ಮೊದಲ ಎಂಟರಲ್ಲಿ ಏಳು ಪಂದ್ಯ ಸೋತ ತಂಡ ಆಮೇಲೆ ಸತತ ಆರು ಗೆದ್ದು ಪ್ಲೇ ಆಫ್ ತಲುಪಿ, ಅಲ್ಲಿ ರಾಜಸ್ಥಾನಕ್ಕೆ ಸೋತಿತು. ಗ್ರೀನ್ ಅವರನ್ನು ಮಾರಿದ ಮುಂಬೈ ಅದೇ ವೇಳೆ 15 ಕೋಟಿಗೆ ಹಾರ್ದಿಕ್ ಪಾಂಡ್ಯ ಅವರನ್ನು ಗುಜರಾತ್‌ನಿಂದ ಕರೆತಂದಿತ್ತು. ಆ ವರ್ಷ ಅದಕ್ಕೆ ದಕ್ಕಿದ್ದು ಕೊನೆಯ ಸ್ಥಾನ!

ದೂರದ ಅಮೆರಿಕದಲ್ಲೂ ಇದೇ ಜಗಳ. ಅಲ್ಲಿನ ಫುಟ್‌ಬಾಲ್‌ನಲ್ಲಿ ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಾಗಿ ತಂಡಗಳು ಮುಂದಿನ ವರ್ಷಗಳಲ್ಲಿ ಹೊಸ ಆಟಗಾರರನ್ನು ಆರಿಸುವ ತಮ್ಮ ಸರದಿಯನ್ನೇ ಬಿಟ್ಟುಕೊಡುತ್ತವೆ. 2021ರಲ್ಲಿ ಲಾಸ್ ಏಂಜಲಿಸ್ ತಂಡ ಹೀಗೆ ಮ್ಯಾಥ್ಯೂ ಸ್ಟಾಫರ್ಡ್ ಅವರನ್ನು ಪಡೆದು ಮರುವರ್ಷ ಫೆಬ್ರವರಿಯಲ್ಲಿ ಪ್ರಶಸ್ತಿ ಗೆದ್ದಿತು. 2022ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಡೆಶಾನ್ ವಾಟ್ಸನ್‌ಗಾಗಿ ಮೊದಲ ಸುತ್ತಿನ ಮೂರು ಸರದಿ ಕೊಟ್ಟಿತು. ಮುಂದಿನ ಮೂರು ಋತುಗಳಲ್ಲಿ ಒಂದನ್ನೂ ಆತ ಪೂರ್ತಿ ಆಡಲಾಗಲಿಲ್ಲ. ಒಂದೇ ಬಗೆಯ ವ್ಯಾಪಾರ, ಎರಡು ಬಗೆಯ ಫಲ.

2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ಮತ್ತೆ ದೊಡ್ಡ ಹರಾಜು. ಚೀಲ 120 ಕೋಟಿಗೆ ಏರಿತ್ತು. ಕೊಹ್ಲಿ, ಪಾಟಿದಾರ್, ಯಶ್ ದಯಾಳ್ ಅವರಿಗೆ 37 ಕೋಟಿ ತೆಗೆದಿಟ್ಟು ಉಳಿದ 83 ಕೋಟಿಯೊಂದಿಗೆ ಬೆಂಗಳೂರು ಹೋಯಿತು. ನಮ್ಮ ಹುಡುಗ ಕೆ.ಎಲ್. ರಾಹುಲ್ ಬರಲಿ ಎಂದು ಅಭಿಮಾನಿಗಳ ಹಂಬಲ. ಆದರೆ ಅವರು 14 ಕೋಟಿಗೆ ದೆಹಲಿಯ ಪಾಲಾದರು. ಅಲ್ಲಿ ಕೊಂಡ ಯಾರೊಬ್ಬರಿಗೂ ಬೆಂಗಳೂರು 12.5 ಕೋಟಿಗಿಂತ ಹೆಚ್ಚು ಕೊಡಲಿಲ್ಲ. ಅಷ್ಟು ಪಡೆದವರು ಹಿಂದೆ ಕೈಬಿಟ್ಟಿದ್ದ ಅದೇ ಹೇಜಲ್‌ವುಡ್! ಸಾಲ್ಟ್‌ಗೆ 11.5, ಜಿತೇಶ್‌ಗೆ 11, ಭುವನೇಶ್ವರ್‌ಗೆ 10.75, ಕೃಣಾಲ್ ಪಾಂಡ್ಯಗೆ 5.75 ಕೋಟಿ.

ಏಪ್ರಿಲ್ 10ರಂದು ರಾಹುಲ್ ಬೆಂಗಳೂರಿಗೇ ಬಂದು ಅಜೇಯ 93 ಹೊಡೆದು ದೆಹಲಿಯನ್ನು ಗೆಲ್ಲಿಸಿದಾಗ ‘ಹೇಳಿರಲಿಲ್ವಾ?’ ಎಂದವರೆಷ್ಟೋ. ಆದರೆ 2025ರ ಜೂನ್ 3ರ ಫೈನಲ್‌ನಲ್ಲಿ ಪಂಜಾಬನ್ನು ಆರು ರನ್‌ಗಳಿಂದ ಸೋಲಿಸಿ ಬೆಂಗಳೂರು ಮೊದಲ ಬಾರಿ ಪ್ರಶಸ್ತಿ ಎತ್ತಿತು. ಪಂದ್ಯದ ಶ್ರೇಷ್ಠ ಆಟಗಾರ 5.75 ಕೋಟಿಯ ಕೃಣಾಲ್. ಹಾಗೆಂದು ತಾರೆಗಳು ದಂಡವೆನ್ನುವಂತಿಲ್ಲ. ಪಂಜಾಬನ್ನು ಫೈನಲ್‌ಗೆ ತಂದ ನಾಯಕ ಶ್ರೇಯಸ್ ಅಯ್ಯರ್ ಬೆಲೆ 26.75 ಕೋಟಿ. 27 ಕೋಟಿಯ ರಿಷಭ್ ಪಂತ್ ನಾಯಕರಾಗಿದ್ದ ಲಖನೌ ತಂಡ ಮಾತ್ರ ಪ್ಲೇ ಆಫ್ ಮುಟ್ಟಲಿಲ್ಲ.

ಗೆಲುವಿನ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅಭಿಮಾನಕ್ಕೆ ತೆತ್ತ ಆ ಬೆಲೆ ಯಾವ ಕೋಟಿಯ ಲೆಕ್ಕಕ್ಕೂ ಸಿಗುವುದಿಲ್ಲ. ಮಕ್ಕಳನ್ನು ಸಂಭ್ರಮಕ್ಕೆ ಕಳುಹಿಸುವ ಹೆತ್ತವರೂ, ಹೊರಡುವ ಮಕ್ಕಳೂ ಇದನ್ನು ಮರೆಯಬಾರದು.

ತಂಡದ ಚೀಲದಂತೆಯೇ ಮನೆಯ ಚೀಲಕ್ಕೂ ತಳವಿದೆ. ರೇಷ್ಮೆಗೂಡು ಮಾರಿ ಬಂದ ಹಣವನ್ನೆಲ್ಲ ಒಂದೇ ದುಬಾರಿ ಟ್ಯೂಷನ್‌ಗೆ ಕಟ್ಟಿದರೆ ಪುಸ್ತಕಕ್ಕೆ, ಬಸ್ಸಿಗೆ, ತಂಗಿಯ ಓದಿಗೆ ಎಷ್ಟು ಉಳಿಯಿತು ಎಂದು ತಂದೆ ಕೇಳಿಕೊಳ್ಳಲೇಬೇಕು. ಮೂರು ಗಂಟೆಯ ಪರೀಕ್ಷೆಯಲ್ಲಿ ಕಷ್ಟದ ಒಂದು ಲೆಕ್ಕಕ್ಕೇ ಒಂದು ಗಂಟೆ ಕೊಟ್ಟ ವಿದ್ಯಾರ್ಥಿಯೂ ಅಷ್ಟೆ. ಉತ್ತರ ಸರಿಯಾಗಿರಬಹುದು. ಆದರೆ ಅದರ ಬೆಲೆ ತಿಳಿಯುವುದು ಬಿಟ್ಟುಬಂದ ಪ್ರಶ್ನೆಗಳನ್ನು ಎಣಿಸಿದಾಗ.

ಮುಂದಿನ ಸಲ ಟೀ ಅಂಗಡಿಯಲ್ಲಿ ‘ಎಷ್ಟು ಕೊಟ್ರು?’ ಎಂಬ ಮಾತು ಬಂದರೆ, ‘ಎಷ್ಟು ಉಳೀತು? ಅದರಲ್ಲಿ ಯಾರನ್ನ ತಂದ್ರು?’ ಎಂದೂ ಕೇಳಿ ನೋಡಿ. ಜಗಳ ನಿಲ್ಲದಿರಬಹುದು, ಲೆಕ್ಕವಂತೂ ಸರಿಯಾದೀತು.