ಪಂಪ್‌ಸೆಟ್ಟಿನ ತಂತಿಯೂ ಓಮ್ ನಿಯಮವೂ


ಮನೆಯಲ್ಲಿ 230 ವೋಲ್ಟ್ ಇದ್ದರೂ ತೋಟದ ಕೆರೆಯ ಬಳಿ ಮೋಟಾರು ಗುಂಯ್‌ಗುಟ್ಟುತ್ತಾ ತಿರುಗದಿರುವುದೇಕೆ? ನಾವು ಎಳೆದ ತಂತಿಯೂ ಒಂದು ರೋಧಕವೇ. ಜರ್ಮನಿಯ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಆಂಪಿಯರನ್ನು ಓಮಿನಿಂದ ಗುಣಿಸಿದರೆ ವೋಲ್ಟ್.

1.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ರೋಧ. ಕೆರೆ 100 ಮೀಟರ್ ದೂರವಿದ್ದರೆ ಹೋಗಿಬರುವ ತಂತಿ 200 ಮೀಟರ್, ರೋಧ 2.4 ಓಮ್. ಸಿಂಗಲ್ ಫೇಸ್ ಮೋಟಾರು 8 ಆಂಪಿಯರ್ ಎಳೆದರೆ ದಾರಿಯಲ್ಲೇ ಸುಮಾರು 19 ವೋಲ್ಟ್ ನಷ್ಟ. ಸ್ಟಾರ್ಟಾಗುವಾಗ ಪ್ರವಾಹ ಹಲವು ಪಟ್ಟು, ನಷ್ಟವೂ ಹಾಗೆಯೇ. ವೋಲ್ಟೇಜು ಕುಸಿದರೆ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ಆಂಪಿಯರ್ ಎಳೆದು, ಕಾದು, ವೈಂಡಿಂಗ್ ಸುಟ್ಟೀತು. 4 ಚದರ ಮಿಲಿಮೀಟರಿನ ತಂತಿಯಾದರೆ ಅದೇ 8 ಆಂಪಿಯರಿಗೆ ನಷ್ಟ ಏಳೆಂಟು ವೋಲ್ಟ್ ಮಾತ್ರ.

ಅಡಿಕೆಗೆ ನೀರು ತಪ್ಪಬಾರದ ಬೇಸಗೆಗೆ ಮುಂಚೆಯೇ ತಂತಿಯ ದಪ್ಪವನ್ನು ಪರೀಕ್ಷಿಸಿಕೊಳ್ಳಿರಿ.