ಹೆಜ್ಜೆಯಿಂದ ಹುಟ್ಟಿದ ಗೆರೆ

ಚಿತ್ರಕಲಾವಿದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಎರಡು ವರ್ಷ ಕಥಕ್ ಕಲಿತರು. ಗುರುಗಳು ಪಂಡಿತ್ ಸುಂದರ್ ಪ್ರಸಾದ್. ರಂಗ ಏರುವ ಆಸೆಯೇನೂ ಹೆಬ್ಬಾರರಿಗಿರಲಿಲ್ಲ. ಲಯ ಎಂದರೇನೆಂದು ಮೈಯಿಂದಲೇ ತಿಳಿಯಬೇಕಿತ್ತು. ಅವರ ಪರಿಚಯ ಬರೆಯುವವರು ಈ ಸಂಗತಿಯನ್ನು ಒಂದು ಸಾಲಿನಲ್ಲಿ ಮುಗಿಸುವುದುಂಟು. ಕಾಗದದ ಮೇಲೆ ಅವರು ಎಳೆದ ಗೆರೆಯ ಗುಟ್ಟು ಅಲ್ಲೇ ಇದೆ ಎಂಬುದು ನನ್ನ ನಂಬಿಕೆ.

ಹುಟ್ಟಿದ್ದು 1911ರಲ್ಲಿ, ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ. ತಂದೆ ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದವರು. ಮುಂಬಯಿಯಲ್ಲಿ ಮೊದಲು ದಂಡಾವತಿಮಠರ ನೂತನ ಕಲಾಮಂದಿರ, ಆಮೇಲೆ ಜೆ.ಜೆ. ಕಲಾಶಾಲೆ, 1938ರಲ್ಲಿ ಡಿಪ್ಲೊಮಾ. ಅಂದಿನ ಕಲಾಶಾಲೆಯ ಪಾಠದಲ್ಲಿ ನೆರಳು ಬೆಳಕಿನಿಂದ ಉಬ್ಬು ತಗ್ಗು ತರುವುದೇ ಮುಖ್ಯ, ಗೆರೆಗೆ ಅಷ್ಟೇನೂ ಕೆಲಸವಿಲ್ಲ. ಹೆಬ್ಬಾರರ ಮನಸ್ಸು ಜೈನ ಹಸ್ತಪ್ರತಿಗಳ ಕಡೆಗೆ, ರಜಪೂತ, ಮೊಘಲ್ ಕಿರುಚಿತ್ರಗಳ ಕಡೆಗೆ ಹೊರಳಿತು. ಅಲ್ಲಿ ಗೆರೆಯೇ ಯಜಮಾನ. 1949ರಲ್ಲಿ ಪ್ಯಾರಿಸ್‌ಗೆ ಹೋಗಿ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿತು ಬಂದ ಮೇಲೂ ಆ ಸೆಳೆತ ಉಳಿಯಿತು.

ಕುಣಿಯುವವರನ್ನು ಎದುರಿಗೇ ಕೂತು ಬರೆಯುವುದು ಕಷ್ಟ. ಕಣ್ಣು ಒಂದು ಭಂಗಿಯನ್ನು ಹಿಡಿಯುವಷ್ಟರಲ್ಲಿ ಕಾಲು ಮುಂದೆ ಹೋಗಿರುತ್ತದೆ. ಕಣ್ಣನ್ನೇ ನೆಚ್ಚಿದರೆ ಕೈಗೆ ಯಾವಾಗಲೂ ತಡ. ತಾಳ ಬಲ್ಲವನಿಗೆ ಹಾಗಲ್ಲ. ಚಕ್ಕರ್ ಎಂಬ ಸುತ್ತು ಎಲ್ಲಿ ಮುಗಿಯುತ್ತದೆ, ಸಮ್ ಎಂಬ ತಾಳದ ಮೊದಲ ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದು ಅವನ ಮೈಗೆ ಮೊದಲೇ ಗೊತ್ತು. ಹೆಬ್ಬಾರರ ಗೆರೆ ನರ್ತಕಿಯ ಹಿಂದೆ ಓಡುವುದಿಲ್ಲ, ಅವಳ ಜೊತೆಗೇ ತಿರುಗುತ್ತದೆ. ಎಷ್ಟೋ ರೇಖಾಚಿತ್ರಗಳಲ್ಲಿ ಮುಖಕ್ಕೆ ಕಣ್ಣು ಮೂಗಿನ ವಿವರವಿಲ್ಲ. ಭುಜದಿಂದ ಹೊರಟ ಗೆರೆ ತೋಳಾಗಿ, ಸೊಂಟದಲ್ಲಿ ಬಳುಕಿ, ಲಂಗದ ಅಂಚಿನಲ್ಲಿ ಅಗಲವಾಗಿ ಸುತ್ತುತ್ತದೆ. ವೇಗ ಹೆಚ್ಚಿದ ಕಡೆ ತೆಳು, ಭಾರ ಬಿದ್ದ ಕಡೆ ದಪ್ಪ.

ಇಂಥ ಗೆರೆಗೆ ಕಾಗದವೇ ಬೇಕು. ತೈಲವರ್ಣವಾದರೆ ಕೆರೆದು ಇನ್ನೊಮ್ಮೆ ಬಳಿಯಬಹುದು. ಬಿಳಿ ಹಾಳೆಯ ಮೇಲೆ ಮಸಿ ಬಿದ್ದರೆ ಬಿತ್ತು. ತಿಪಟೂರಿನ ಬೀದಿಯಲ್ಲಿ ಎಳನೀರು ಕೆತ್ತುವವನ ಮಚ್ಚಿನಂತೆ ಇಲ್ಲೂ ಏಟು ಬೀಳುವ ಮೊದಲೇ ಕೈ ತೀರ್ಮಾನಿಸಿರಬೇಕು.

ನಮ್ಮ ತೆಂಗಿನ ಸೀಮೆಯವರಿಗೆ ಗೆರೆಯ ಈ ಓಟ ಮನದಟ್ಟಾಗಲು ಒಂದು ಜಾಗವಿದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿ, ಒಂಬತ್ತನೆಯ ಶತಮಾನದ್ದು. ಒಳಗೆ ನಿಂತು ತಲೆ ಎತ್ತಿದರೆ ಚಾವಣಿಯ ನಡುವೆ ಕುಣಿಯುವ ಶಿವ, ಪಕ್ಕದಲ್ಲಿ ವಾದ್ಯದವರು, ಸುತ್ತ ಎಂಟು ದಿಕ್ಪಾಲಕರು. ಒಡವೆಯ ಕೆತ್ತನೆಯನ್ನು ಸ್ವಲ್ಪ ಹೊತ್ತು ಮರೆತು ಶಿವನ ಮಡಿಸಿದ ಮೊಣಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ತೋಳಿಗೆ ಕಣ್ಣು ಹಾಯಿಸಿ. ಶಿಲ್ಪಿ ಮೊದಲು ಕಂಡುಕೊಂಡದ್ದು ಆ ಓಟವನ್ನು. ಮೈ, ಒಡವೆ ಎಲ್ಲ ಆಮೇಲೆ ಬಂದವು ಎನ್ನಿಸುತ್ತದೆ. ಹೆಬ್ಬಾರರು ಈ ಚಾವಣಿಯಿಂದ ಕಲಿತರೆಂದು ನಾನು ಹೇಳುತ್ತಿಲ್ಲ. ಆದರೆ ಕಲ್ಲಿನಲ್ಲಿ ಆ ಓಟವನ್ನು ಕಂಡವರಿಗೆ ಹಾಳೆಯ ಮೇಲಿನ ನಾಲ್ಕು ಗೆರೆ ಒಗಟಾಗುವುದಿಲ್ಲ.

ಹೆಬ್ಬಾರರನ್ನು ಅಮೂರ್ತ ಕಲಾವಿದರೆಂದು ಸಾರಾಸಗಟಾಗಿ ಕರೆಯಲಾಗದು. ಮನುಷ್ಯರನ್ನು, ಅವರ ಹಸಿವು ಬಡತನವನ್ನು ಅವರು ಬಿಟ್ಟುಕೊಡಲಿಲ್ಲ. ಯುದ್ಧ, ಅಣುಸ್ಫೋಟಗಳ ನಾಶ ಅವರನ್ನು ಕಾಡಿದಾಗ ಕ್ಯಾನ್ವಾಸಿನಲ್ಲಿ ಆಕಾರ ಕರಗಿ ಬಣ್ಣವೇ ಮಾತಾಡತೊಡಗಿತು. ನನ್ನ ಮಟ್ಟಿಗೆ ಆ ದಾರಿ ಶುರುವಾದದ್ದು ಕಾಗದದಲ್ಲೇ. ನರ್ತಕಿಯ ಮುಖ ಬಿಟ್ಟರು, ಬಟ್ಟೆಯ ವಿವರ ಬಿಟ್ಟರು, ಕಾಲ ಕೆಳಗಿನ ನೆಲವನ್ನೂ ಬಿಟ್ಟರು. ಉಳಿದದ್ದು ಚಲನೆ. ಆ ಗೆರೆಯನ್ನು ಒಂದು ಕ್ಷಣ ನರ್ತಕಿಯಿಂದ ಬೇರೆ ಮಾಡಿ ನೋಡಿದರೂ ಅದರ ಲಯ ಕೆಡುವುದಿಲ್ಲ. ಅಮೂರ್ತ ಚಿತ್ರ ಅರ್ಥವಾಗದು ಎಂದು ಬೇಸರಪಡುವ ಗೆಳೆಯರಿಗೆ ನಾನು ಮೊದಲು ತೋರಿಸುವುದು ಈ ಹಾಳೆಗಳನ್ನೇ.

ಈ ರೇಖಾಚಿತ್ರಗಳು 1964ರಲ್ಲಿ ‘ದಿ ಸಿಂಗಿಂಗ್ ಲೈನ್’ ಎಂಬ ಪುಸ್ತಕವಾಗಿ ಬಂದವು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ. 1996ರಲ್ಲಿ ತೀರಿಕೊಳ್ಳುವ ಮೊದಲೇ ಹೆಬ್ಬಾರರು ತಮ್ಮ ಕೃತಿಗಳ ಒಂದು ಸಂಗ್ರಹವನ್ನು ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಕೊಟ್ಟರು. ತಿಪಟೂರಿನಲ್ಲಿ ಬೆಳಗಿನ ರೈಲು ಹತ್ತಿದರೆ ಬೆಂಗಳೂರು ಏನೂ ದೂರವಲ್ಲ. ಚಿತ್ರ ಬರೆಯುವ ಮಕ್ಕಳಿದ್ದರೆ ಜೊತೆಗೆ ಕರೆದೊಯ್ಯಿರಿ.