ನೊಂದವಳಿಗೆ ನಾವು ನೀಡಬಹುದಾದ ನೆರವು

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅತ್ಯಾಚಾರದಂತಹ ವಿಷಯವನ್ನು ಕುರಿತು ಬರೆಯುವುದು ತರವೇ ಎಂದು ಕೆಲವರು ಕೇಳಬಹುದು. ಮನೆಯಲ್ಲಿ ಕಳ್ಳತನವಾದರೆ ಊರೆಲ್ಲ ಕಳ್ಳನನ್ನು ಹುಡುಕುತ್ತದೆ. ಹೆಣ್ಣಿನ ಮೇಲೆ ದೌರ್ಜನ್ಯವಾದರೆ, ಆ ಹೊತ್ತಿನಲ್ಲಿ ಅವಳು ಅಲ್ಲಿಗೇಕೆ ಹೋಗಿದ್ದಳೆಂದು ಅದೇ ಊರು ಕೇಳುತ್ತದೆ. ಈ ಪ್ರಶ್ನೆ ನಿಲ್ಲುವವರೆಗೆ ಈ ವಿಷಯವನ್ನು ಬರೆಯಲೇಬೇಕೆಂಬುದು ನನ್ನ ನಂಬಿಕೆ. ಅಪರಾಧಿಗೆ ಶಿಕ್ಷೆ ವಿಧಿಸುವುದು ನ್ಯಾಯಾಲಯದ ಕೆಲಸ. ನೊಂದವಳು ಮತ್ತೆ ತಲೆಯೆತ್ತಿ ಬಾಳುವಂತೆ ಆಗಬೇಕಾದರೆ ನೆರೆಹೊರೆಯವರು, ಅಂಗಡಿಯವರು, ಕೆಲಸ ಕೊಟ್ಟ ಮಾಲೀಕರು, ನಮ್ಮಂತಹ ವಿದ್ಯಾರ್ಥಿಗಳು ಎಲ್ಲರೂ ಕೈಜೋಡಿಸಬೇಕು. ಇದು ಹೇಗೆ ಸಾಧ್ಯವೆಂಬುದನ್ನು ತಿಳಿದಷ್ಟು ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಮಳೆಯನ್ನು ನೆಚ್ಚಿದ ಬಯಲುಸೀಮೆ. ಇಲ್ಲಿನ ಹೆಂಗಸರಲ್ಲಿ ಅನೇಕರು ಕಡಲೆಕಾಯಿ ಹೊಲದಲ್ಲಿ, ಹುಣಸೆಹಣ್ಣು ಬಿಡಿಸುವ ಕಡೆಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ದುಡಿದು ಸಂಸಾರ ತೂಗಿಸುವವರು. ನನ್ನ ತಾಯಿಯೂ ಅಂತಹವರಲ್ಲಿ ಒಬ್ಬರು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇಂತಹ ಮನೆಗಳಲ್ಲಿ ಒಂದು ದಿನ ಕೆಲಸ ತಪ್ಪಿದರೆ ಆ ದಿನದ ಕೂಲಿಯೂ ಇಲ್ಲ. ಆದಕಾರಣ, ದೌರ್ಜನ್ಯಕ್ಕೊಳಗಾದ ಹೆಣ್ಣು ದೂರು ಕೊಡುವಳೇ ಬಿಡುವಳೇ ಎಂಬುದು ಅವಳ ಧೈರ್ಯವೊಂದನ್ನೇ ಅವಲಂಬಿಸಿಲ್ಲ. ಗುಟ್ಟು ಉಳಿದೀತೆ, ಕೂಲಿ ಉಳಿದೀತೆ ಎಂಬ ಎರಡು ಲೆಕ್ಕಗಳನ್ನೂ ಅವಳು ಹಾಕಬೇಕಾಗುತ್ತದೆ.

ಮೊದಲು ಗುಟ್ಟಿನ ಮಾತು. 2025ರ ಜನವರಿಯಲ್ಲಿ ಮಧುಗಿರಿಯ ಹೆಸರು ನಾಡಿನ ಪತ್ರಿಕೆಗಳಲ್ಲೆಲ್ಲ ಬಂದುದನ್ನು ನಾವು ಮರೆತಿಲ್ಲ. ದೂರು ಹಿಡಿದು ಬಂದ ಮಹಿಳೆಯೊಬ್ಬರೊಡನೆ ಕಚೇರಿಯಲ್ಲಿಯೇ ಲೈಂಗಿಕವಾಗಿ ಅನುಚಿತವಾಗಿ ವರ್ತಿಸಿದರೆಂಬ ಆರೋಪದ ಮೇಲೆ ಇಲ್ಲಿನ ಪೊಲೀಸ್ ಉಪಾಧೀಕ್ಷಕರೊಬ್ಬರ ಬಂಧನವಾಯಿತು. ಆರೋಪದ ಸತ್ಯಾಸತ್ಯತೆಯನ್ನು ತೀರ್ಮಾನಿಸುವುದು ನ್ಯಾಯಾಲಯಕ್ಕೆ ಸೇರಿದ್ದು. ಆದರೆ ಆ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ್ದು ನಮಗೆ ಸೇರಿದ ವಿಷಯ. ಅಧಿಕಾರಿಯನ್ನು ಹಳಿಯುತ್ತಲೇ ಅದನ್ನು ಮುಂದಕ್ಕೆ ಕಳಿಸಿದವರು, ಆ ಹೆಂಗಸಿಗೂ ಒಂದು ಊರಿದೆ, ಮನೆಯಿದೆ ಎಂಬುದನ್ನು ನೆನೆಯಲಿಲ್ಲ. ಅತ್ಯಾಚಾರಕ್ಕೆ ಗುರಿಯಾದವರ ಹೆಸರನ್ನಾಗಲಿ ಗುರುತನ್ನಾಗಲಿ ಪ್ರಕಟಿಸಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಂತೆ 2 ವರ್ಷಗಳವರೆಗೆ ಸೆರೆವಾಸ ಮತ್ತು ದಂಡವುಂಟು. ಕಾನೂನಿನ ಭಯವಿರಲಿ, ಇಲ್ಲದಿರಲಿ, ಅಂತಹ ಚಿತ್ರ ನಮ್ಮ ಕೈಗೆ ಬಂದಾಗ ಅದನ್ನು ಅಲ್ಲಿಯೇ ತಡೆಯುವುದು ನಾವು ಮಾಡಬಹುದಾದ ಮೊದಲ ಉಪಕಾರ. ಇದಕ್ಕೆ ಹಣವೂ ಬೇಡ, ವಿದ್ಯೆಯೂ ಬೇಡ.

ನೊಂದವಳು ನಮ್ಮಲ್ಲಿ ಒಬ್ಬರ ಬಳಿಗೇ ಬಂದು ಮಾತು ತೆಗೆದಳೆನ್ನಿ. ಆಗ ಅವಳ ಮಾತನ್ನು ಪೂರ್ತಿಯಾಗಿ ಕೇಳಬೇಕು. ಏಕೆ ಕೂಗಲಿಲ್ಲ, ಏಕೆ ಇಷ್ಟು ದಿನ ಸುಮ್ಮನಿದ್ದೆ ಎಂಬ ಅಡ್ಡಪ್ರಶ್ನೆಗಳು ಬೇಡ. ಭಯದಲ್ಲಿ ನಾಲಿಗೆ ಕಟ್ಟಿಹೋಗುವುದು, ಕೈಕಾಲು ಮರಗಟ್ಟುವುದು ಸಹಜವೆಂದು ವೈದ್ಯರು ಹೇಳುತ್ತಾರೆ. ಬಳಿಕ ಅವಳೊಪ್ಪಿದರೆ ಆಸ್ಪತ್ರೆಗೆ ಜೊತೆಯಾಗಿ ಹೋಗಬೇಕು. ಸೋಂಕು ಮತ್ತು ಗರ್ಭವನ್ನು ತಡೆಯುವ ಔಷಧಗಳು ಬೇಗ ಕೊಟ್ಟಷ್ಟೂ ಫಲಕಾರಿ, ಎಚ್.ಐ.ವಿ. ತಡೆಯುವ ಮಾತ್ರೆಯನ್ನಂತೂ 72 ಗಂಟೆಗಳೊಳಗೆ ಆರಂಭಿಸಲೇಬೇಕು. ಸಾಧ್ಯವಾದರೆ ಸ್ನಾನ ಮಾಡದೆ, ಬಟ್ಟೆ ಒಗೆಯದೆ ಹೋಗುವುದು ಸಾಕ್ಷ್ಯದ ದೃಷ್ಟಿಯಿಂದ ಒಳ್ಳೆಯದು. ಆದರೆ ಸ್ನಾನವಾಗಿಬಿಟ್ಟಿದ್ದರೂ ಹೋಗುವುದನ್ನು ಬಿಡಬಾರದು. ಸರ್ಕಾರದ್ದಿರಲಿ, ಖಾಸಗಿಯದಿರಲಿ, ಎಲ್ಲ ಆಸ್ಪತ್ರೆಗಳೂ ಇಂತಹವರಿಗೆ ಉಚಿತವಾಗಿ ಚಿಕಿತ್ಸೆ ಕೊಡತಕ್ಕದ್ದೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೆಯ ಕಲಮು ವಿಧಿಸುತ್ತದೆ. ಒಲ್ಲೆನೆಂದ ಆಸ್ಪತ್ರೆಯ ಮೇಲೆಯೇ ಮೊಕದ್ದಮೆ ಹೂಡಬಹುದು.

ಪೊಲೀಸ್ ಠಾಣೆಯ ಬಗೆಗೂ ಎರಡು ಮಾತು ತಿಳಿದಿರಬೇಕು. ಪಾವಗಡ ಮೂರು ಕಡೆಯಿಂದ ಆಂಧ್ರದ ನೆಲ ಸುತ್ತುವರಿದ ತಾಲ್ಲೂಕು. ಅಪರಾಧ ನಡೆದದ್ದು ಗಡಿಯ ಆಚೆಯೋ ಈಚೆಯೋ ಎಂಬ ತಕರಾರು ಇಂತಹ ಕಡೆ ಏಳುವುದು ಸುಲಭ. ಘಟನೆ ಎಲ್ಲಿಯೇ ನಡೆದಿರಲಿ, ಮೊದಲು ಹೋದ ಠಾಣೆಯವರೇ ದೂರನ್ನು ಬರೆದುಕೊಳ್ಳಬೇಕೆಂದು 2024ರ ಜುಲೈ 1ರಂದು ಜಾರಿಗೆ ಬಂದ ಇದೇ ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಅತ್ಯಾಚಾರದ ಪ್ರಕರಣಗಳಲ್ಲಿ ನೊಂದವಳ ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳು ಬಯಸಿದ ಸ್ಥಳದಲ್ಲಿ ಪಡೆಯಬೇಕು. 181ಕ್ಕೆ ಕರೆ ಮಾಡಿದರೆ ಮಹಿಳಾ ಸಹಾಯವಾಣಿ, 112ಕ್ಕೆ ಮಾಡಿದರೆ ತುರ್ತು ನೆರವು ದೊರೆಯುತ್ತದೆ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಒದಗಿಸುವ ಕಾನೂನು ಸೇವಾ ಸಮಿತಿ ತಾಲ್ಲೂಕಿನಲ್ಲಿಯೇ ಉಂಟು. ಆರೋಪಿ ಪತ್ತೆಯಾಗದಿದ್ದರೂ ಪರಿಹಾರಧನಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಇಷ್ಟಾದರೂ ದೂರು ಕೊಡುವ ಬಿಡುವ ತೀರ್ಮಾನ ವಯಸ್ಕಳಾದವಳಿಗೆ ಸೇರಿದ್ದು. ನಾವು ದಾರಿ ತೋರಬಹುದು, ದಬ್ಬಲಾಗದು. ನೊಂದದ್ದು 18 ತುಂಬದ ಮಗುವಾದರೆ, ಹುಡುಗಿಯಾಗಲಿ ಹುಡುಗನಾಗಲಿ, ಮಾತು ಬೇರೆ. ವಿಷಯ ತಿಳಿದ ಪ್ರತಿಯೊಬ್ಬರೂ ಅದನ್ನು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆ ಕಡ್ಡಾಯ ಮಾಡಿದೆ.

ಇನ್ನು ಕೂಲಿಯ ಮಾತು. ರಾಜಸ್ಥಾನದ ಭಟೇರಿ ಗ್ರಾಮದ ಭನ್ವರಿ ದೇವಿಯವರ ಕಥೆ ಇಲ್ಲಿ ನೆನೆಯತಕ್ಕದ್ದು. ಕುಂಬಾರರ ಮನೆಯ ಈ ಹೆಣ್ಣುಮಗಳು ಸರ್ಕಾರದ ಮಹಿಳಾ ಕಾರ್ಯಕ್ರಮವೊಂದರಲ್ಲಿ ಕಾರ್ಯಕರ್ತೆ. ಬಾಲ್ಯವಿವಾಹವನ್ನು ತಡೆಯಹೋದ ಸಿಟ್ಟಿಗೆ 1992ರಲ್ಲಿ ಊರಿನವರು ಅವರ ಮಡಕೆಗಳನ್ನು ಕೊಳ್ಳುವುದನ್ನೇ ನಿಲ್ಲಿಸಿದರು. ಅದೇ ವರ್ಷ ಅವರ ಮೇಲೆ ಸಾಮೂಹಿಕ ಅತ್ಯಾಚಾರವೂ ನಡೆಯಿತು. ಹೊಟ್ಟೆಯ ಮೇಲೆ ಹೊಡೆದರೆ ಬಾಯಿ ತಾನಾಗಿ ಮುಚ್ಚುತ್ತದೆಂಬುದು ಬಹಿಷ್ಕಾರ ಹಾಕುವವರಿಗೆ ಚೆನ್ನಾಗಿ ಗೊತ್ತು. ಭನ್ವರಿಯವರು ಬಾಯಿ ಮುಚ್ಚಲಿಲ್ಲ. ಅವರ ಪ್ರಕರಣದಿಂದ ಹುಟ್ಟಿದ ವಿಶಾಖಾ ಮೊಕದ್ದಮೆಯಲ್ಲಿ, ಕೆಲಸದ ಸ್ಥಳದಲ್ಲಿ ಹೆಣ್ಣಿನ ರಕ್ಷಣೆ ಕೆಲಸ ಕೊಟ್ಟವನ ಹೊಣೆಯೆಂದು ಸುಪ್ರೀಂ ಕೋರ್ಟು 1997ರಲ್ಲಿ ಸಾರಿತು. ಅದೇ 2013ರಲ್ಲಿ ಕಾಯಿದೆಯಾಯಿತು.

ಈ ಕಾಯಿದೆಯಂತೆ 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆಯಲ್ಲೆಲ್ಲ ಆಂತರಿಕ ಸಮಿತಿ ಇರಬೇಕು. ಇಲ್ಲದಿದ್ದರೆ 50,000 ರೂಪಾಯಿಗಳವರೆಗೆ ದಂಡ. ಅದಕ್ಕಿಂತ ಕಡಮೆ ಜನರಿರುವ ಅಂಗಡಿ, ಗಿರಣಿಗಳ ಹೆಂಗಸರಿಗಾಗಿ ಜಿಲ್ಲೆಯ ಸ್ಥಳೀಯ ಸಮಿತಿಯುಂಟು. ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ದೂರು ಪಡೆದು 7 ದಿನಗಳೊಳಗೆ ಅದನ್ನು ಸಮಿತಿಗೆ ಕಳಿಸಬೇಕು. ಸಾಮಾನ್ಯವಾಗಿ 3 ತಿಂಗಳೊಳಗೆ ದೂರು ಕೊಡಬೇಕು. ವಿಚಾರಣೆ ನಡೆಯುವಾಗ ನೊಂದವಳಿಗೆ 3 ತಿಂಗಳವರೆಗೆ ರಜೆ ಕೊಡುವಂತೆ ಸಮಿತಿ ಶಿಫಾರಸು ಮಾಡಬಹುದು.

ಆದರೆ ದೌರ್ಜನ್ಯ ಕೆಲಸದ ಸ್ಥಳದಲ್ಲಿ ನಡೆಯದೆ ಮನೆಯಲ್ಲೋ ದಾರಿಯಲ್ಲೋ ನಡೆದಿದ್ದರೆ ಈ ರಜೆ ಅನ್ವಯಿಸದು. ಅಲ್ಲಿ ಮಾಲೀಕರ ಮನುಷ್ಯತ್ವವೇ ಕಾನೂನು. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಉಳಿದೀತು, ದಿನದ ಕೂಲಿ ಉಳಿಯದು. ಆಸ್ಪತ್ರೆಗೆ, ಠಾಣೆಗೆ, ಕೋರ್ಟಿನ ವಾಯಿದೆಗಳಿಗೆ ಅಲೆಯುವ ದಿನಗಳ ಕೂಲಿಯನ್ನು ಮಾಲೀಕನು ಮುರಿಯದಿದ್ದರೆ, ಅವಳ ಜಾಗಕ್ಕೆ ಬೇರೊಬ್ಬರನ್ನು ನೇಮಿಸದಿದ್ದರೆ, ಬಯಸಿದಾಗ ಪಾಳಿ ಬದಲಿಸಿಕೊಟ್ಟರೆ, ಮೊಕದ್ದಮೆ ಮುಗಿಯುವವರೆಗೆ ನಿಲ್ಲುವ ಶಕ್ತಿ ಅವಳಿಗೆ ಬರುತ್ತದೆ. ರಜೆಯ ಕಾರಣವನ್ನು ಮೇಸ್ತ್ರಿಗೂ ಜೊತೆಗಾರರಿಗೂ ಹೇಳುವ ಅಗತ್ಯವಿಲ್ಲ. ಕಿರಾಣಿ ಅಂಗಡಿಯವರು ಎಂದಿನಂತೆ ಸಾಲ ಬರೆದುಕೊಂಡು ಸಾಮಾನು ಕೊಟ್ಟರೂ, ಸ್ವಸಹಾಯ ಸಂಘದವರು ಕಂತಿಗೆ ಅವಸರ ಮಾಡದಿದ್ದರೂ ಅದು ದೊಡ್ಡ ನೆರವೇ ಸರಿ.

ನಾವು ವಿದ್ಯಾರ್ಥಿಗಳು ಹಣ ಕೊಡಲಾರೆವು, ಅಕ್ಷರವನ್ನು ಕೊಡಬಲ್ಲೆವು. ಓದು ಬಾರದವರಿಗೆ ಅರ್ಜಿ ಬರೆದುಕೊಡಬಹುದು. ನಮ್ಮ ತಾಲ್ಲೂಕಿನ ನೋಡಲ್ ಅಧಿಕಾರಿ ಯಾರು, ನಮ್ಮ ಕಾಲೇಜಿನ ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ ಎಂಬುದನ್ನು ಕೇಳಿ ತಿಳಿದು, ಸೂಚನಾಫಲಕದಲ್ಲಿ ಹಾಕಿಸಬಹುದು. ಎನ್.ಎಸ್.ಎಸ್. ಶಿಬಿರಕ್ಕೆ ಹೋದ ಹಳ್ಳಿಯಲ್ಲಿ ಚರಂಡಿ ತೆಗೆಯುವುದರ ಜೊತೆಗೆ 181 ಎಂಬ ಮೂರಂಕಿಯನ್ನು ಗೋಡೆಯ ಮೇಲೆ ಬರೆದು ಬರಬಹುದು. ನಮ್ಮನ್ನು ಓದಿಸಿದವರಲ್ಲಿ ಇಂತಹ ಕೂಲಿಯ ತಾಯಂದಿರೂ ಇದ್ದಾರೆ. ಕಾನೂನಿನ ಪುಸ್ತಕದಲ್ಲಿರುವುದನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ಮನೆಗೆ ಒಯ್ದು ಮುಟ್ಟಿಸುವುದು ನಮ್ಮ ಪದವಿಗೆ ನಾವು ಸಲ್ಲಿಸಬೇಕಾದ ಮೊದಲ ಕಂತು.